ಕೊರಳು ಬಿಡಿಸಿದ ಮೇಲೆ: ಒಂದು ಬಡಗ ಹಾಡಿನ ಪಠ್ಯದ ಪ್ರಶ್ನೆ

ನೀಲಗಿರಿಯ ಕೂಕಲ್ತೊರೈ ನಮ್ಮೂರು. ಮನೆಯಲ್ಲಿ ಬಡಗ ಮಾತು, ಓದುತ್ತಿರುವುದು ಕನ್ನಡ ಎಂ.ಎ. ಮನೆಯ ಹಳೇ ಕ್ಯಾಸೆಟ್ಟಿನಲ್ಲಿದ್ದ ಒಂದು ಕುಣಿತದ ಹಾಡನ್ನು ಪ್ರಬಂಧಕ್ಕಾಗಿ ಬರೆದುಕೊಳ್ಳಲು ಹೊರಟೆ. ಕೀಬೋರ್ಡಿನ ಗದ್ದಲದಲ್ಲಿ ಮಾತು ತಿಳಿಯುತ್ತಿರಲಿಲ್ಲ. ಕೊರಳನ್ನು ಬೇರೆ ಮಾಡಿದರೆ ಸಾಕು ಅನ್ಕೊಂಡೆ.

ಹಳೆಯ ಉಪಾಯ ಕೆಲವರಿಗೆ ಗೊತ್ತಿರಬಹುದು. ಸ್ಟೀರಿಯೊದಲ್ಲಿ ಗಾಯಕರ ಧ್ವನಿಯನ್ನು ಸಾಮಾನ್ಯವಾಗಿ ನಡುವೆ ಇಡುತ್ತಾರೆ, ಅಂದರೆ ಎಡ ಬಲ ಎರಡರಲ್ಲೂ ಒಂದೇ ಸಮ. ಒಂದು ಬದಿಯ ಅಲೆಯನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೂಡಿಸಿದರೆ ಸಮವಾಗಿದ್ದದ್ದೆಲ್ಲ ಅಳಿದುಹೋಗುತ್ತದೆ. ಆಡಾಸಿಟಿಯಲ್ಲಿ ಮಾಡಿ ನೋಡಿದೆ. ಗಾಯಕ ಹೋದ, ನಡುವಿದ್ದ ಬಾಸೂ ಹೋಯಿತು. ಪ್ರತಿಧ್ವನಿ ಎರಡು ಬದಿಗೂ ಬೇರೆ ಬೇರೆ ಇದ್ದದ್ದರಿಂದ ಅದು ಮಾತ್ರ ಆಚೆ ಗುಡ್ಡದಿಂದ ಕೂಗಿದ ಹಾಗೆ ಉಳಿಯಿತು. ಈ ಉಪಾಯದಿಂದ ಕೊರಳನ್ನು ಅಳಿಸಬಹುದು, ಬಿಡಿಸಿಕೊಳ್ಳಲು ಆಗುವುದಿಲ್ಲ.

ಆಮೇಲೆ 2019ರಲ್ಲಿ ಡೀಜರ್ ಕಂಪನಿ ಬಿಡುಗಡೆ ಮಾಡಿದ ಸ್ಪ್ಲೀಟರ್ ಬಳಸಿದೆ. ಅದರ ನಾಲ್ಕು ಭಾಗದ ಮಾದರಿಯಲ್ಲಿರುವ ಖಾನೆಗಳು ಕೊರಳು, ಡ್ರಮ್ಸ್, ಬಾಸ್, ಮಿಕ್ಕದ್ದು. ಕೊರಳು ಚೆನ್ನಾಗೇ ಬಂತು. 14 ಸಾಲು ಬರೆದುಕೊಂಡೆ. ಮೂರು ಸಾಲಿಗೆ ಕ್ರಿಯಾಪದವೇ ಇರಲಿಲ್ಲ. ಅಲ್ಲಿನ ಮೌನ ಎಷ್ಟು ಅರ್ಥಪೂರ್ಣ ಅಂತ ಪ್ರಬಂಧದಲ್ಲಿ ಒಂದು ಪುಟ ಬರೆದೆ!

ಅದನ್ನು ನಮ್ಮ ಹೆತ್ತೆಗೆ, ಅಂದರೆ ಅಜ್ಜಿಗೆ, ಕೇಳಿಸಿದೆ. ‘ಇವನೊಬ್ಬನೇ ಹಾಡ್ತಿದಾನಲ್ಲ, ಉಳಿದವರೆಲ್ಲಿ?’ ಅಂದರು. ಉಳಿದವರು ‘ಮಿಕ್ಕದ್ದು’ ಖಾನೆಯಲ್ಲಿದ್ದರು. ‘ಹೌ ಹೌ’ ಕೂಗಿನ ಬೆನ್ನಿಗೇ ಗುಂಪು ಸಾಲನ್ನು ಮುಗಿಸುತ್ತಿತ್ತು. ನಾನು ಮೌನ ಅಂದದ್ದು ಅವರ ಸರದಿ.

ಯಂತ್ರವನ್ನು ಬೈಯುವುದು ಸುಲಭ. ಆದರೆ ಈ ಕೆಲಸವನ್ನು ನಮ್ಮ ಅಚ್ಚಿನ ಸಂಕಲನಗಳು ಮೊದಲೇ ಮಾಡಿವೆ. 1931ರ ‘ಗರತಿಯ ಹಾಡು’ ಇಲ್ಲದಿದ್ದರೆ ನಾನು ಜಾನಪದಕ್ಕೇ ಬರುತ್ತಿರಲಿಲ್ಲ, ಆ ಋಣ ದೊಡ್ಡದು. ಆದರೂ ಬೀಸುವಾಗ ಹಾಡುವ ತ್ರಿಪದಿ ಪುಟದ ಮೇಲೆ ಮೂರು ಸಾಲಾಗಿ ನಿಂತಾಗ ಕಲ್ಲಿನ ಸದ್ದು, ಹಾಡುವಾಗ ಮರುಕಳಿಸುವ ಎರಡನೆಯ ಸಾಲು, ಎದುರು ಕೂತು ಬೀಸುವವಳ ದನಿ, ಎಲ್ಲವೂ ಮಿಕ್ಕದ್ದಾಗುತ್ತವೆ. ಅಷ್ಟನ್ನೇ ಇಡೀ ಕವಿತೆ ಅಂತ ವಿಶ್ಲೇಷಿಸಿ ನಾವೆಲ್ಲ ಅಂಕ ತಗೊಂಡಿದ್ದೇವೆ.

ಮೌನದ ಪುಟ ಕಿತ್ತುಹಾಕಿದ್ದೇನೆ. ಈಗ ಗಾಯಕನ ಸಾಲನ್ನು ಎಡಕ್ಕೆ, ಗುಂಪಿನದನ್ನು ಬಲಕ್ಕೆ ಬರೆಯುತ್ತಿದ್ದೇನೆ. ಎರಡು ಕ್ರಿಯಾಪದ ಸಿಕ್ಕಿವೆ. ಮೂರನೆಯದು ಕೀಬೋರ್ಡಿನಡಿ ಸಿಕ್ಕಿಕೊಂಡಿದೆ, ಹೆತ್ತೆಗೂ ನೆನಪಿಲ್ಲ. ಅಲ್ಲಿ ಚುಕ್ಕಿ ಇಟ್ಟಿದ್ದೇನೆ. ಕೇಳುತ್ತಿರುವವರ ಪೈಕಿ ನೀಲಗಿರಿಯವರು ಯಾರಾದರೂ ಇದ್ದು, ನಿಮ್ಮ ಮನೆಯಲ್ಲೂ ಹಳೇ ಬಡಗ ಕ್ಯಾಸೆಟ್ಟುಗಳಿದ್ದರೆ ದಯವಿಟ್ಟು ತಿಳಿಸಿ.