ರಕ್ತದೊತ್ತಡ ಮತ್ತು ನಿದ್ರಾಶ್ವಾಸಸ್ತಂಭ: ಒಂದು ಪ್ರಶ್ನಾವಳಿಯ ವಿಮರ್ಶೆ

ಅಧಿಕ ರಕ್ತದೊತ್ತಡವುಳ್ಳವರನ್ನೆಲ್ಲ ನಿದ್ರಾಶ್ವಾಸಸ್ತಂಭಕ್ಕಾಗಿ, ಎಂದರೆ ಸ್ಲೀಪ್ ಆಪ್ನಿಯಾಕ್ಕಾಗಿ, ಶೋಧಿಸಬೇಕೆ ಎಂಬುದು ವೈದ್ಯರ ಪ್ರಶ್ನೆ. ಇತಿಹಾಸದ ಅಧ್ಯಾಪಕರಾದ ನಮಗೆ ಅಲ್ಲೇನು ಕೆಲಸವೆಂದು ಕೇಳುವವರಿರಬಹುದು. ಆದರೆ ಆ ಶೋಧನೆ ಬಹುಮಟ್ಟಿಗೆ ಮೊದಲಾಗುವುದು ಪ್ರಶ್ನಾವಳಿಯಿಂದ. ಪ್ರಶ್ನಾವಳಿಯೂ ಒಂದು ದಾಖಲೆಯೇ. ದಾಖಲೆಯನ್ನು ಯಾರು, ಯಾವಾಗ, ಯಾರಿಗಾಗಿ ರಚಿಸಿದರೆಂದು ವಿಚಾರಿಸುವುದು ನಮ್ಮ ಕಸುಬು.

ಮೊದಲು ಹೆಸರಿನ ವಿಷಯ. 1956ರಲ್ಲಿ ಬರ್ವೆಲ್ ಮತ್ತು ಅವರ ಸಹೋದ್ಯೋಗಿಗಳು ಅತಿಸ್ಥೂಲನಾದ, ಕುಳಿತಲ್ಲೇ ನಿದ್ದೆಹೋಗುವ ರೋಗಿಯೊಬ್ಬನ ಸ್ಥಿತಿಗೆ ಡಿಕನ್ಸನ ಪಿಕ್‌ವಿಕ್ ಕಾದಂಬರಿಯಿಂದ ಹೆಸರನ್ನು ತೆಗೆದುಕೊಂಡರು. ಅದರಲ್ಲಿ ಬರುವ ದಪ್ಪ ಹುಡುಗ ಜೋ ಸದಾ ತೂಕಡಿಸುವವನು. ನಿದ್ರೆಯಲ್ಲಿ ಗಂಟಲು ಮುಚ್ಚಿ ಉಸಿರು ನಿಲ್ಲುವುದನ್ನು ಮಾರ್ಸೇಲ್ಸಿನಲ್ಲಿಯೂ ಫ್ರೈಬುರ್ಗಿನಲ್ಲಿಯೂ ಯಂತ್ರಗಳಿಂದ ದಾಖಲಿಸಿದ್ದು 1965ರಲ್ಲಿ. ಅಷ್ಟರೊಳಗೆ ಜೋನ ಚಿತ್ರ ವೈದ್ಯರ ಕಣ್ಣಿನಲ್ಲಿ ನೆಲೆಸಿಬಿಟ್ಟಿತ್ತು. ಇನ್ನೂ ಪೂರ್ತಿ ಅಳಿದಂತಿಲ್ಲ.

ರಕ್ತದೊತ್ತಡದೊಡನೆ ಈ ವ್ಯಾಧಿಗೆ ನಂಟಿರುವುದು ನಿಜ. ಉಸಿರು ಕಟ್ಟಿದಾಗಲೆಲ್ಲ ಆಮ್ಲಜನಕ ಇಳಿದು, ನರಗಳು ಕೆರಳಿ, ಒತ್ತಡ ಏರುತ್ತದೆ. 2000ದಲ್ಲಿ ಪ್ರಕಟವಾದ ವಿಸ್ಕಾನ್ಸಿನ್ ಅಧ್ಯಯನ ಇದಕ್ಕೆ ಬಲ ಕೊಟ್ಟಿತು. ಅದನ್ನು ನಾವು ಅಲ್ಲಗಳೆಯುವುದಿಲ್ಲ.

ನಮ್ಮ ಆಕ್ಷೇಪಣೆ ಸ್ಟಾಪ್-ಬ್ಯಾಂಗ್ ಪ್ರಶ್ನಾವಳಿಯನ್ನು ಕುರಿತದ್ದು. 2008ರಲ್ಲಿ ಟೊರಾಂಟೋದಲ್ಲಿ ಅದನ್ನು ರಚಿಸಿದ್ದು ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿದ್ದವರಿಗಾಗಿ. ಪ್ರಶ್ನೆಗಳು ಎಂಟು: ಗೊರಕೆ, ಆಯಾಸ, ಉಸಿರು ನಿಂತದ್ದನ್ನು ಪರರು ಕಂಡದ್ದು, ರಕ್ತದೊತ್ತಡ, ತೂಕ, ವಯಸ್ಸು, ಕತ್ತಿನ ಸುತ್ತಳತೆ, ಪುರುಷತ್ವ. ಮೂರು ಅಂಕ ಬಂದರೆ ಅಪಾಯವುಂಟು. ಈಗ ಅದನ್ನು ರಕ್ತದೊತ್ತಡದ ಚಿಕಿತ್ಸಾಲಯಕ್ಕೆ ತಂದು ನೋಡೋಣ. ಬಂದವರೆಲ್ಲರಿಗೂ ಬಾಗಿಲಲ್ಲೇ ಒಂದು ಅಂಕ! ಐವತ್ತು ದಾಟಿದ ಗಂಡಸಿಗೆ, ಗೊರಕೆ ಹೊಡೆಯದಿದ್ದರೂ, ಮೂರು. ಇತ್ತ ನಲವತ್ತೈದು ವರ್ಷದ, ತೆಳ್ಳನೆಯ, ಒಂಟಿಯಾಗಿ ಮಲಗುವ ವಿಧವೆಯನ್ನು ನೆನೆಯಿರಿ. ಆಕೆಯ ಗೊರಕೆಯನ್ನು ಕೇಳಿದವರಾರು? ಒತ್ತಡಕ್ಕೊಂದು, ಆಯಾಸಕ್ಕೊಂದು, ಒಟ್ಟು ಎರಡು. ಆಕೆ ನಿಶ್ಚಿಂತೆಯಿಂದಿರಬಹುದೆಂದು ಕಾಗದ ಹೇಳುತ್ತದೆ. ತೂಕದ ಸೂಚ್ಯಂಕಕ್ಕೆ ಅಲ್ಲಿ ಎಳೆದಿರುವ ಗೆರೆ 35. ನಮ್ಮ ದೇಶದಲ್ಲಿ 25ನ್ನೇ ಸ್ಥೂಲತೆಯೆಂದು ಹಿಡಿಯುವ ರೂಢಿಯಿದೆ. ಜೋ ಇಲ್ಲಿಯೂ ಇಣಿಕುತ್ತಿದ್ದಾನೆ.

ಕಂಡುಹಿಡಿದ ಮೇಲೆ ಮಾಡುವುದೇನು? ಮೂಗಿಗೆ ಒತ್ತುಗಾಳಿ ಕೊಡುವ ಯಂತ್ರವನ್ನು ಸುಲಿವನ್ 1981ರಲ್ಲಿ ಪ್ರಕಟಿಸಿದರು. ಮೂರು ಅಥವಾ ಹೆಚ್ಚು ಔಷಧಗಳಿಗೂ ಜಗ್ಗದ ಒತ್ತಡವುಳ್ಳ 194 ಮಂದಿಯ ಮೇಲೆ ಸ್ಪೇನಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಯಂತ್ರ ಪಡೆದವರ ದಿನದ ಸರಾಸರಿ ಒತ್ತಡ ಉಳಿದವರಿಗಿಂತ 3.1 ಮಿಲಿಮೀಟರಿನಷ್ಟು ಹೆಚ್ಚು ಇಳಿಯಿತು. ಆದರೆ ಹೃದಯ ಅಥವಾ ಮೆದುಳಿನ ರಕ್ತನಾಳಗಳ ರೋಗ ಮೊದಲೇ ಇದ್ದವರನ್ನು ಕುರಿತ 2016ರ ದೊಡ್ಡ ಪ್ರಯೋಗದಲ್ಲಿ ಹೃದಯಾಘಾತ, ಪಾರ್ಶ್ವವಾಯು ಮೊದಲಾದವು ಕಡಮೆಯಾಗಲಿಲ್ಲ. ಅಲ್ಲಿ ಜನ ಯಂತ್ರ ಧರಿಸಿದ್ದು ರಾತ್ರಿಗೆ ಸರಾಸರಿ 3.3 ಗಂಟೆ, ಸೋತದ್ದು ಯಂತ್ರವೋ ಅದನ್ನು ತೆಗೆದಿಟ್ಟು ಮಲಗಿದವರೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ರೋಗಲಕ್ಷಣವಿಲ್ಲದವರನ್ನು ಶೋಧಿಸಲು ಆಧಾರ ಸಾಲದೆಂದು ಅಮೆರಿಕದ ರೋಗನಿವಾರಣಾ ಕಾರ್ಯಪಡೆ 2022ರಲ್ಲಿ ಹೇಳಿದುದು ನಮಗೆ ಒಪ್ಪಿಗೆಯೇ.

ಆದುದರಿಂದ ಔಷಧಕ್ಕೆ ಜಗ್ಗದ ಒತ್ತಡವುಳ್ಳವರ ವಿಷಯದಲ್ಲಿ ಅಂಕಗಳನ್ನು ಎಣಿಸುತ್ತ ಕೂಡದೆ ನೇರವಾಗಿ ರಾತ್ರಿಯ ಪರೀಕ್ಷೆಗೇ ಕಳಿಸುವುದು ಮೇಲೆಂದು ನಮ್ಮ ಮತ. ಉಳಿದವರಲ್ಲಿ, ಹಗಲು ತೂಕಡಿಸುವರೇ, ರಾತ್ರಿ ಉಸಿರುಕಟ್ಟಿ ಎದ್ದು ಕೂಡುವರೇ ಎಂದು ವೈದ್ಯರು ಬಾಯಿಬಿಟ್ಟು ಕೇಳಲಿ. ಒಂಟಿಯಾಗಿ ಮಲಗುವವರಲ್ಲಿ ಎರಡು ಸಲ ಕೇಳಲಿ.