ಗೌರವವೆಂಬ ಋಣ

ಚುನಾವಣೆಯ ಫಲಿತಾಂಶ ಹೊರಬಿದ್ದ ವಾರದಲ್ಲಿ ನಮ್ಮವರ ಬಾಯಲ್ಲಿ ಹೆಚ್ಚಾಗಿ ಕೇಳಿಬರುವ ದೈವವಾಕ್ಯವೆಂದರೆ ಸಂತ ಪೌಲರು ರೋಮನರಿಗೆ ಬರೆದ ಪತ್ರದ 13ನೆಯ ಅಧ್ಯಾಯದ ಆರಂಭ. ಅಧಿಕಾರವೆಲ್ಲವೂ ದೇವರಿಂದಲೇ ಬಂದುದು, ಆದ್ದರಿಂದ ಅದಕ್ಕೆ ಅಧೀನರಾಗಿರಬೇಕು ಎಂಬುದು ಅದರ ತಾತ್ಪರ್ಯ. ಗೆದ್ದವರ ಕಡೆಯವರು ಇದನ್ನು ಸೋತವರಿಗೆ ಓದಿ ಹೇಳುತ್ತಾರೆ. ಸೋತವರು ಐದು ವರ್ಷ ಆ ಪುಟವನ್ನು ತೆರೆಯುವುದೇ ಇಲ್ಲ. ಮನುಷ್ಯರಿಗಿಂತ ಹೆಚ್ಚಾಗಿ ದೇವರಿಗೆ ವಿಧೇಯರಾಗಬೇಕೆಂದು ಪೇತ್ರರು ನ್ಯಾಯಸಭೆಯ ಮುಂದೆ ನುಡಿದುದು ಆಗ ಅವರ ನೆರವಿಗೆ ಬರುತ್ತದೆ. ಸರ್ಕಾರ ಬದಲಾದೊಡನೆ ಈ ವಾಕ್ಯಗಳೂ ಕೈ ಬದಲಾಯಿಸುತ್ತವೆ. ಈ ಬರಹಗಾರನೂ ಆ ಅಭ್ಯಾಸಕ್ಕೆ ಹೊರತಾಗಿದ್ದವನಲ್ಲ.

2023ರ ಮೇ ತಿಂಗಳಲ್ಲಿ ಕರ್ನಾಟಕದ ಮತದಾರರು ವಿಧಾನಸಭೆಯ 224 ಸ್ಥಾನಗಳಲ್ಲಿ 135ನ್ನು ಕಾಂಗ್ರೆಸ್ಸಿಗೆ ಕೊಟ್ಟರು. ಒಂದು ವರ್ಷ ಕಳೆಯುವಷ್ಟರಲ್ಲಿ ಅದೇ ಮತದಾರರು ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 17ನ್ನು ಭಾರತೀಯ ಜನತಾ ಪಕ್ಷಕ್ಕೆ ಕೊಟ್ಟರು. ಬೆಂಗಳೂರಿನಲ್ಲೊಂದು ಸರ್ಕಾರ, ದೆಹಲಿಯಲ್ಲಿ ಇನ್ನೊಂದು. ದೇವರು ನೇಮಿಸಿದ್ದು ಇವುಗಳಲ್ಲಿ ನಮಗೆ ಹಿಡಿಸಿದ್ದನ್ನು ಮಾತ್ರವೇ?

ಪೌಲರು ಈ ಪತ್ರವನ್ನು ಬರೆದದ್ದು ಸುಮಾರು ಕ್ರಿ.ಶ. 57ರಲ್ಲಿ, ಕೊರಿಂಥದಿಂದ. ರೋಮಿನ ಸಿಂಹಾಸನದಲ್ಲಿ ಆಗ ನೀರೋ ಇದ್ದ. ಅಧ್ಯಾಯಗಳ ವಿಂಗಡಣೆ ಪೌಲರದ್ದಲ್ಲ, 13ನೆಯ ಶತಮಾನದ್ದು. ಆ ಅಂಕಿಯನ್ನು ಅಳಿಸಿ ಓದಿದರೆ ಅರ್ಥ ಬೇರೆಯಾಗಿಯೇ ತೆರೆದುಕೊಳ್ಳುತ್ತದೆ. ಹಿಂಸಿಸುವವರನ್ನು ಆಶೀರ್ವದಿಸಿರಿ, ಮುಯ್ಯಿ ತೀರಿಸಬೇಡಿರಿ, ಹಸಿದ ಶತ್ರುವಿಗೂ ಉಣಬಡಿಸಿರಿ ಎಂದು ಹೇಳಿದ ಉಸಿರಿನಲ್ಲೇ ಅವರು ಆಳುವವರ ಮಾತಿಗೆ ಬರುತ್ತಾರೆ. ತೆರಿಗೆ, ಸುಂಕ, ಭಯ, ಗೌರವ, ಯಾರಿಗೆ ಯಾವುದು ಸಲ್ಲಬೇಕೋ ಅದನ್ನು ಸಲ್ಲಿಸಿರೆನ್ನುತ್ತಾರೆ. ಇದು ಋಣದ ಭಾಷೆ. ಸಾಲ ಕೊಟ್ಟವನು ನಮಗೆ ಇಷ್ಟವಿಲ್ಲವೆಂದು ಸಾಲ ಮನ್ನಾ ಆಗುವುದಿಲ್ಲ. ಶುಭಶುಕ್ರವಾರದ ಪ್ರಾರ್ಥನೆಗಳಲ್ಲಿ ನಾಡನ್ನಾಳುವವರಿಗಾಗಿ ಧರ್ಮಸಭೆ ಬೇಡಿಕೊಳ್ಳುವ ಮಾತುಗಳು ಯಾರು ಗೆದ್ದರೂ ಬದಲಾಗುವುದಿಲ್ಲ. ನಾವಾದರೋ ದೇವಾಲಯದಲ್ಲಿ ಅದಕ್ಕೆ ದನಿಗೂಡಿಸಿ, ಮನೆಗೆ ಬಂದು ಮಕ್ಕಳೆದುರಿಗೇ ಮುಖ್ಯಮಂತ್ರಿಗಳನ್ನೋ ಪ್ರಧಾನಿಗಳನ್ನೋ ಏಕವಚನದಲ್ಲಿ ಹೀಯಾಳಿಸುತ್ತೇವೆ.

ಇನ್ನೊಂದು ತಪ್ಪು ಓದು ಇದಕ್ಕಿಂತ ಹೆಚ್ಚು ಹಾನಿಕರ. ಸಮಾಧಿಭೂಮಿಗೆ ಜಾಗ ಕೇಳಿ ಜಿಲ್ಲಾಧಿಕಾರಿಗಳಿಗೆ ಮನವಿ ಸಲ್ಲಿಸೋಣವೆಂದರೆ, ಅಧಿಕಾರಸ್ಥರನ್ನು ಎದುರು ಹಾಕಿಕೊಳ್ಳುವುದು ಕ್ರೈಸ್ತರಿಗೆ ತಕ್ಕುದಲ್ಲವೆಂದು ಪೌಲರ ಹೆಸರು ಹೇಳಿ ಹಿಂಜರಿಯುವವರು ನಮ್ಮಲ್ಲಿದ್ದಾರೆ. ಅವರ ವಿನಯವನ್ನು ನಾನು ಶಂಕಿಸುವುದಿಲ್ಲ, ಆದರೆ ಅವರು ಹೇಳುವ ಪೌಲರು ಬೈಬಲಿನ ಪೌಲರಲ್ಲ. ಪೌಲರ ಓದುಗರಿಗೆ ಚಕ್ರವರ್ತಿಯನ್ನು ಆರಿಸುವ ಹಕ್ಕಿರಲಿಲ್ಲ. ನಮ್ಮ ಸಂವಿಧಾನವೋ ಜನರಾದ ನಮ್ಮ ಹೆಸರಿನಲ್ಲೇ ಆರಂಭವಾಗುತ್ತದೆ. ಮತ ಹಾಕಿದವನು ಕೇಳುವುದು ಅವಿಧೇಯತೆ ಹೇಗಾದೀತು?

ಅಷ್ಟಕ್ಕೂ ಪೌಲರೇ ಕೇಳಿದವರು. ಈ ಪತ್ರ ಬರೆಯುವುದಕ್ಕೆ ಕೆಲವು ವರ್ಷ ಮೊದಲು ಫಿಲಿಪ್ಪಿಯ ಅಧಿಕಾರಿಗಳು ಅವರನ್ನೂ ಸೀಲರನ್ನೂ ವಿಚಾರಣೆಯಿಲ್ಲದೆ ಬಹಿರಂಗವಾಗಿ ಹೊಡೆಸಿ ಸೆರೆಗೆ ತಳ್ಳಿದ್ದರು. ಮರುದಿನ ಬೆಳಿಗ್ಗೆ, ಇವರನ್ನು ಬಿಟ್ಟುಬಿಡಿ ಎಂದು ಹೇಳಿಕಳುಹಿಸಿದರು. ಬಾಗಿಲು ತೆರೆದಿತ್ತು, ಪೌಲರು ಹೊರಡಲಿಲ್ಲ. ತಾವು ರೋಮಿನ ಪೌರರು, ಹೊಡೆದದ್ದು ಎಲ್ಲರೆದುರು, ಬಿಡುವುದು ಮಾತ್ರ ಗುಟ್ಟಾಗಿಯೋ, ಅವರೇ ಬಂದು ಕರೆದುಕೊಂಡು ಹೋಗಲಿ ಎಂದರು. ನಿಂದಿಸಲಿಲ್ಲ, ಶಪಿಸಲಿಲ್ಲ, ಕಾನೂನನ್ನು ಅದರ ಕಾವಲುಗಾರರಿಗೇ ನೆನಪಿಸಿದರು. ತಾವು ಹೊರಟುಹೋದ ಮೇಲೂ ಆ ಊರಿನಲ್ಲೇ ಬಾಳಬೇಕಾಗಿದ್ದ ಹೊಸ ವಿಶ್ವಾಸಿಗಳ ಚಿಂತೆ ಅವರಿಗಿದ್ದಿರಬೇಕು. ಅಧಿಕಾರಿಗಳು ಬೆದರಿ ತಾವೇ ಬಂದರು, ಸಮಾಧಾನದ ಮಾತಾಡಿ ಹೊರಗೆ ಕರೆತಂದರು, ಊರು ಬಿಟ್ಟು ಹೋಗಬೇಕೆಂದು ಕೇಳಿಕೊಂಡರು. ಪೌಲರು ಅದಕ್ಕೆ ಒಪ್ಪಿದರು. ಆದರೆ ಮೊದಲು ಲಿಡಿಯಳ ಮನೆಗೆ ಹೋಗಿ, ಅಲ್ಲಿದ್ದ ಸಹೋದರರನ್ನು ಕಂಡು ಧೈರ್ಯ ತುಂಬಿ, ಆನಂತರ ದಾರಿ ಹಿಡಿದರು.