ಯಾರ ಸೇರು, ಯಾರ ಅಳತೆ?

ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧನೆಯ ಕೀರ್ತಿ ದೊಡ್ಡದು, ನಿಜ. ಆದರೆ ಆ ಕೀರ್ತಿಯನ್ನು ಅಳೆದ ಸೇರು ಯಾರದು ಅಂತ ನಾವು ಕೇಳಲೇಬೇಕಾಗಿದೆ.

2016ರ ಜನವರಿಯಲ್ಲಿ ಅಲ್ಲಿ ಹಾಸ್ಟೆಲಿನಿಂದ ಹೊರಬಿದ್ದ ಅಂಬೇಡ್ಕರ್ ವಿದ್ಯಾರ್ಥಿ ಸಂಘದ ಐವರು ಸಂಶೋಧಕರು ಬಯಲಲ್ಲೇ ಗುಡಾರ ಹಾಕಿದರು. ಅದಕ್ಕೆ ‘ವೆಲಿವಾಡ’ ಅಂತ ಹೆಸರಿಟ್ಟರು. ನಮ್ಮ ಮಾತಲ್ಲಿ ಹೊಲಗೇರಿ. 17ರಂದು ಅವರಲ್ಲೊಬ್ಬನಾದ ರೋಹಿತ್ ವೇಮುಲ ಜೀವ ಕಳಕೊಂಡ. ಏಪ್ರಿಲಿನಲ್ಲಿ ಕೇಂದ್ರ ಸರ್ಕಾರದ ಮೊದಲ ರ್‍ಯಾಂಕ್ ಪಟ್ಟಿ ಬಂತು: ದೇಶದ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ನಾಲ್ಕನೇ ಸ್ಥಾನ!

2024ರ ಪಟ್ಟಿಯ ಲೆಕ್ಕ ನೋಡಿ: ಸಂಶೋಧನೆಗೆ ನೂರಕ್ಕೆ 30, ಎಲ್ಲರನ್ನೂ ಒಳಗೊಳ್ಳುವುದಕ್ಕೆ ಬರೀ 10. ಆ ಹತ್ತೂ ಒಳಗೆ ಬಂದ ತಲೆಗಳನ್ನು ಎಣಿಸುತ್ತದೆ, ಹೊರಗೆ ಮಲಗಿದವರನ್ನಲ್ಲ.

ಗೆಳೆಯರೇ, ಸ್ಥಾನ ಹೇಳುವವರನ್ನು ನಾವು ಕೇಳೋಣ: ನಿಮ್ಮ ಸೇರಿನಲ್ಲಿ ವೆಲಿವಾಡಕ್ಕೆ ಎಷ್ಟು ಅಂಕ?